ಊಟ ಬಿಟ್ಟರೂ ಇನ್ಸುಲಿನ್ ಬಿಡಬೇಡಿ
(ಸಕ್ಕರೆ ಕಾಯಿಲೆಯ ಮಕ್ಕಳ ಪಾಲಕರಿಗಾಗಿ ಮಾಡಿದ ಭಾಷಣ)



ಒಮ್ಮೆ ನಮ್ಮ ಮಕ್ಕಳ ವಾರ್ಡಿಗೆ ಹತ್ತು ವರ್ಷದ ಹುಡುಗಿಯನ್ನು ಎತ್ತಿಕೊಂಡು ಬಂದರು. ಎರಡು ವರ್ಷದಿಂದ ಇನ್ಸುಲಿನ್ ಮೇಲಿದ್ದವಳು. ಎರಡು ದಿನದಿಂದ ಜ್ವರ, ವಾಂತಿ. "ಮಗು ಏನೂ ಉಣ್ಣಲಿಲ್ರೀ ಸಿಸ್ಟರ್. ಉಣ್ಣದ ಮೇಲೆ ಸಕ್ಕರೆ ಎಲ್ಲಿಂದ ಬರಬೇಕು ಅಂತ ಸೂಜಿ ನಿಲ್ಲಿಸಿದೆ" ಎಂದರು ತಾಯಿ. ರಕ್ತ ಪರೀಕ್ಷಿಸಿದರೆ ಸಕ್ಕರೆ 480 ಇತ್ತು!

ಆ ತಾಯಿಯನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಉತ್ತರ ಬೇಕಾದರೆ ಉಂಡದ್ದು ಶಕ್ತಿಯಾಗುವ ಬಗೆಯನ್ನು ಸ್ವಲ್ಪ ತಿಳಿಯಬೇಕು.

ರೊಟ್ಟಿಯಾಗಲಿ, ಅನ್ನವಾಗಲಿ, ಅದರ ಪಿಷ್ಟ ಕರುಳಿನಲ್ಲಿ ಒಡೆದು ಗ್ಲುಕೋಸ್ ಎಂಬ ಸಕ್ಕರೆಯಾಗಿ ರಕ್ತ ಸೇರುತ್ತದೆ. ರಕ್ತ ಸೇರಿದ ಮಾತ್ರಕ್ಕೆ ಶಕ್ತಿ ಬಂದಂತಲ್ಲ, ಅದು ಜೀವಕೋಶದ ಒಳಗೆ ಹೋಗಬೇಕು. ಒಳಗೆ ಮೊದಲು ಎರಡು ತುಂಡಾಗುತ್ತದೆ. ಆಮೇಲೆ ಮೈಟೊಕಾಂಡ್ರಿಯ ಎಂಬ ಸಣ್ಣ ಸಣ್ಣ ಒಲೆಗಳಿಗೆ ಹೋಗಿ, ನಾವು ಉಸಿರಾಡಿದ ಆಮ್ಲಜನಕದ ಸಹಾಯದಿಂದ ಮೆಲ್ಲಗೆ ಉರಿಯುತ್ತದೆ. ಬೆಂಕಿ ಕಾಣುವುದಿಲ್ಲ. ಮೈ ಬೆಚ್ಚಗಿರುವುದೇ ಅದರ ಗುರುತು. ಬಂದ ಶಕ್ತಿಯನ್ನು ಕೋಶ ಎಟಿಪಿ ಎಂಬ ಚಿಲ್ಲರೆಯಾಗಿ ಮಾಡಿಕೊಂಡು ಖರ್ಚು ಮಾಡುತ್ತದೆ. ಒಂದು ಗ್ಲುಕೋಸ್ ಕಣದಿಂದ ಸುಮಾರು 30 ಎಟಿಪಿ ಸಿಗುತ್ತವೆ; ಆಮ್ಲಜನಕ ಇಲ್ಲದಿದ್ದರೆ ಬರೀ 2. ಈ ಚಿಲ್ಲರೆಯನ್ನು ಕೂಡಿಡಲು ಬರುವುದಿಲ್ಲ. ಅದಕ್ಕೇ ಉಸಿರು ನಿಂತರೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಪೆಟ್ಟು ಬೀಳುತ್ತದೆ.

ಮಾಂಸಖಂಡದ ಮತ್ತು ಕೊಬ್ಬಿನ ಕೋಶಗಳಿಗೆ ಸಕ್ಕರೆ ಸರಿಯಾಗಿ ಒಳಹೋಗಲು ಇನ್ಸುಲಿನ್ ಎಂಬ ಕೀಲಿಕೈ ಬೇಕು. ಅದನ್ನು ಮಾಡುವುದು ಮೇದೋಜೀರಕ ಗ್ರಂಥಿ. ಈ ಮಕ್ಕಳಲ್ಲಿ ಆ ಗ್ರಂಥಿಯ ಇನ್ಸುಲಿನ್ ಕೋಶಗಳೇ ಹಾಳಾಗಿರುತ್ತವೆ. ಹಗೇವಿನ ತುಂಬ ಜೋಳ, ಮನೆಯವರು ಉಪವಾಸ, ಅಂಥ ಸ್ಥಿತಿ.

ಇನ್ನು ತಾಯಿಯ ಪ್ರಶ್ನೆ. ಉಣ್ಣದಿದ್ದಾಗ ನಮ್ಮ ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಹೊಸದಾಗಿಯೂ ತಯಾರಿಸುತ್ತದೆ. "ಇಷ್ಟು ಸಾಕು" ಎಂದು ಅದಕ್ಕೆ ಹೇಳುವುದೂ ಇನ್ಸುಲಿನ್ನೇ. ಹೇಳುವವರಿಲ್ಲದಿದ್ದರೆ ಅದು ಬಿಡುತ್ತಲೇ ಇರುತ್ತದೆ. ಜ್ವರ ಬಂದರೆ ಇನ್ನೂ ಜಾಸ್ತಿ. ಇತ್ತ ಹಸಿದ ದೇಹ ಕೊಬ್ಬನ್ನು ಕರಗಿಸಲು ಶುರು ಮಾಡುತ್ತದೆ. ಆ ಕೊಬ್ಬಿನಿಂದ ಲಿವರ್ ಕೀಟೋನ್ ಎಂಬ ಆಮ್ಲಗಳನ್ನು ಮಾಡುತ್ತದೆ. ಅವು ಮಿತಿಮೀರಿದರೆ ರಕ್ತವೇ ಹುಳಿಯಾಗುತ್ತದೆ. ಆಗ ಹೊಟ್ಟೆನೋವು, ವಾಂತಿ, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಜೋರಾದ ಆಳವಾದ ಉಸಿರು. ಈ ಉಸಿರನ್ನು ದಮ್ಮು ಎಂದು ತಿಳಿದು ಮನೆಮದ್ದು ಮಾಡುತ್ತ ಕೂರುವವರಿದ್ದಾರೆ. ತಡಮಾಡಿದರೆ ಪ್ರಾಣಕ್ಕೇ ಅಪಾಯ.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಮೊದಲ ಸೂಜಿ ಹಾಕಿಸಿಕೊಂಡವನು 14 ವರ್ಷದ ಹುಡುಗ. ಅದಕ್ಕೂ ಮೊದಲು ಇಂಥ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ.

ಆದ್ದರಿಂದ ಮಗುವಿಗೆ ಜ್ವರ, ವಾಂತಿ ಬಂದ ದಿನ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ಪ್ರಮಾಣ ಹೆಚ್ಚು ಕಡಿಮೆ ಮಾಡುವುದನ್ನು ಡಾಕ್ಟರನ್ನು ಕೇಳಿ ಮಾಡಿ. ಮೂರು ನಾಲ್ಕು ತಾಸಿಗೊಮ್ಮೆ ಸಕ್ಕರೆ ನೋಡಿ. 70ಕ್ಕಿಂತ ಕಡಿಮೆಯಾಗಿ ಮಗು ಎಚ್ಚರದಲ್ಲಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಿ. ಮೂತ್ರದಲ್ಲಿ ಕೀಟೋನ್ ಕಂಡರೆ, ವಾಂತಿ ನಿಲ್ಲದಿದ್ದರೆ, ಉಸಿರು ಬದಲಾದರೆ ರಾತ್ರಿಯಾದರೂ ಸರಿ, ಹೊರಟು ಬನ್ನಿ. ಗುಳಿಗೆ ನುಂಗುವ ದೊಡ್ಡವರ ಮಾತು ಬೇರೆ. ವಾಂತಿಯಾದಾಗ ನಿಲ್ಲಿಸಬೇಕಾದ ಗುಳಿಗೆಗಳೂ ಇವೆ, ಕೇಳಿಕೊಳ್ಳಿ.

ಆ ಹುಡುಗಿ ನಾಲ್ಕನೆಯ ದಿನ ತಾನೇ ಎದ್ದು ಕೂತು ಗಂಜಿ ಕೇಳಿದಳು. ಗಂಜಿಗೆ ಮೊದಲು ಸೂಜಿ ಹಾಕಿದವರು ಅವಳ ತಾಯಿಯೇ.

ಕೀಟೋನ್ ಪಟ್ಟಿ ನೋಡುವುದನ್ನು ಈಗ ತೋರಿಸುತ್ತೇನೆ. ಹಿಂದೆ ಕೂತವರು ಮುಂದೆ ಬನ್ನಿ.