ಮನೆ ಕಂದಾಯವೂ ಶಾಲೆಯ ಹೆಂಚೂ



ನಮ್ಮ ಬಾಳೆಲೆಯ ಕಡೆ ನಡೆದ ಒಂದು ಮಕ್ಕಳ ಗ್ರಾಮಸಭೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ ಪ್ರಶ್ನೆಯಿಂದ ಈ ಮಾತನ್ನು ಆರಂಭಿಸುತ್ತೇನೆ. ಅವಳ ಕೈಯಲ್ಲಿ ಮನೆ ಕಂದಾಯದ ರಸೀದಿ ಇತ್ತು. “ಇದರಲ್ಲಿ ಶಿಕ್ಷಣ ಕರ ಅಂತ ಬರೆದಿದೆ. ಆ ದುಡ್ಡು ನಮ್ಮ ಶಾಲೆಗೆ ಬಂತಾ ಸಾರ್?” ಎಂದಳು. ಸಭೆಯಲ್ಲಿ ನಕ್ಕವರುಂಟು, ಉತ್ತರ ಹೇಳಿದವರಿಲ್ಲ. ಇಷ್ಟು ವರ್ಷ ಪಾಠ ಹೇಳಿದ ನನಗೂ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ಮನೆಗೆ ಬಂದು ಕಾಯಿದೆಗಳನ್ನೂ ಸುತ್ತೋಲೆಗಳನ್ನೂ ತಿರುವಿ ನೋಡಿದೆ. ಕಂಡುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಆ ರಸೀದಿಯನ್ನೇ ಓದೋಣ. ಗ್ರಾಮ ಪಂಚಾಯತಿಯು ಮನೆಗೆ ಹಾಕುವ ತೆರಿಗೆಯ ಜೊತೆಯಲ್ಲಿ ಆರೋಗ್ಯ, ಶಿಕ್ಷಣ, ಗ್ರಂಥಾಲಯ ಮುಂತಾದ ಉಪಕರಗಳನ್ನೂ ಎತ್ತುತ್ತದೆ. ಶಿಕ್ಷಣದ ಉಪಕರ ತೆರಿಗೆಯ ರೂಪಾಯಿಗೆ 10 ಪೈಸೆ. ಗ್ರಂಥಾಲಯದ್ದು 6 ಪೈಸೆ. ಮನೆಯೊಂದಕ್ಕೆ 500 ರೂಪಾಯಿ ತೆರಿಗೆ ಎಂದು ಇಟ್ಟುಕೊಳ್ಳಿ. ಶಿಕ್ಷಣದ ಪಾಲು 50 ರೂಪಾಯಿ ಆಯಿತು. ಅಂಥ ನಾನೂರು ಮನೆಗಳಿದ್ದರೆ ವರ್ಷಕ್ಕೆ 20,000 ರೂಪಾಯಿ. ಒಬ್ಬ ಉಪಾಧ್ಯಾಯರ ಒಂದು ತಿಂಗಳ ಸಂಬಳಕ್ಕೂ ಅದು ಸಾಲದು. ಅಲ್ಲದೆ ಈ ಹಣ ಪಂಚಾಯತಿಯ ಸ್ವಂತದ್ದಲ್ಲ. ಸರ್ಕಾರದ ಪರವಾಗಿ ವಸೂಲು ಮಾಡುವುದು ಮಾತ್ರ ಅದರ ಕೆಲಸ.

ಪೇಟೆಯಲ್ಲಿರುವ ನೀವು ಇದು ಹಳ್ಳಿಯವರ ಲೆಕ್ಕವೆಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಆದಾಯ ತೆರಿಗೆ ಕಟ್ಟುವವರು 2004ರಿಂದ ಆ ತೆರಿಗೆಯ ಮೇಲೆ ನೂರಕ್ಕೆ 2ರಂತೆ ಶಿಕ್ಷಣದ ಉಪಕರ ಕೊಟ್ಟಿದ್ದಾರೆ. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೊಂದು ಸೇರಿತು. 2018ರಲ್ಲಿ ಆರೋಗ್ಯವನ್ನೂ ಕೂಡಿಸಿ 4 ಆಯಿತು. ಪ್ರೌಢಶಿಕ್ಷಣದ ಹೆಸರಿನಲ್ಲಿ ಎತ್ತಿದ ಹಣಕ್ಕೆ ಪ್ರತ್ಯೇಕ ನಿಧಿಯೊಂದನ್ನು ತೆರೆಯಲು ಕೇಂದ್ರ ಸಂಪುಟ ಒಪ್ಪಿದ್ದು 2017ರಲ್ಲಿ. ಹತ್ತು ವರ್ಷ ಹಾಲು ಕರೆದು, ಆಮೇಲೆ ಪಾತ್ರೆ ಹುಡುಕಿದಂತೆ!

ಸೂರ್ಯನು ನೆಲದ ನೀರನ್ನು ಹೀರಿ ಮಳೆಯಾಗಿ ತಿರುಗಿ ಕೊಡುವಂತೆ ಅರಸನು ಕರವನ್ನು ಎತ್ತಬೇಕೆಂಬುದು ನಮ್ಮ ಹಿಂದಿನವರ ಮಾತು. ಕೊಡಗಿನವರಾದ ನಮಗೆ ಆ ಹೋಲಿಕೆಯ ಇನ್ನೊಂದು ಮುಖವೂ ಗೊತ್ತು. ಹೀರಿದ ನೀರು ಹೀರಿದಲ್ಲಿಯೇ ಬೀಳುವುದಿಲ್ಲ. ಎಲ್ಲಿಯದೋ ಕಡಲಿನ ನೀರು ನಮ್ಮ ಬೆಟ್ಟಗಳ ಮೇಲೆ ಸುರಿದು, ಲಕ್ಷ್ಮಣತೀರ್ಥವಾಗಿ ಹರಿದು, ಬೇರೆ ಯಾರದೋ ಗದ್ದೆಗೆ ಸೇರುತ್ತದೆ. ಕರದ ಗತಿಯೂ ಅದೇ. ಹಾಗಿರುವುದು ಅನ್ಯಾಯವೆ?

ಅಮೆರಿಕದ ಒಂದು ದೃಷ್ಟಾಂತವನ್ನು ನೋಡಿ. ಅಲ್ಲಿ ಊರೂರಿಗೂ ಶಾಲೆಯ ಆಡಳಿತ ಮಂಡಲಿ ಬೇರೆ; ಊರಿನ ಆಸ್ತಿಯ ತೆರಿಗೆ ಊರಿನ ಶಾಲೆಗೇ ಸಲ್ಲುತ್ತದೆ. ಕೇಳಲು ಸೊಗಸು. ಆದರೆ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿ ಎಜ್‌ವುಡ್ ಎಂಬ ಬಡವರ ಕೇರಿಯಿತ್ತು. ಅಲ್ಲಿಯವರು ಆಸ್ತಿಯ ನೂರು ಡಾಲರಿಗೆ 1.05 ಡಾಲರಿನಂತೆ ತೆರಿಗೆ ಕೊಟ್ಟರೂ ಮಗುವೊಂದಕ್ಕೆ ಹುಟ್ಟಿದ್ದು 26 ಡಾಲರು. ಪಕ್ಕದ ಸಿರಿವಂತರ ಅಲಾಮೋ ಹೈಟ್ಸ್‌ನವರು ಕೊಟ್ಟಿದ್ದು ಕಡಮೆ, 0.85 ಡಾಲರು, ಹುಟ್ಟಿದ್ದು 333 ಡಾಲರು. ಎಜ್‌ವುಡ್ಡಿನ ತಾಯಿತಂದೆಯರು ನ್ಯಾಯಾಲಯದ ಮೆಟ್ಟಿಲೇರಿದರು. 1973ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ, ಇದು ದೇಶದ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತಿತು.

ನಮ್ಮ ಶಾಲೆಗಳೂ ಊರಿನ ಕಂದಾಯವನ್ನೇ ನಂಬಿದ್ದರೆ ತೋಟದ ಲೈನ್ ಮನೆಯ ಮಕ್ಕಳ ಗತಿ ಏನಾಗುತ್ತಿತ್ತು? ನಮ್ಮಲ್ಲಿ ಸರ್ಕಾರಿ ಶಾಲೆಯ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಬೆಂಗಳೂರಿನ ಉಪಾಧ್ಯಾಯರಿಗೂ ಬಾಳೆಲೆಯ ಉಪಾಧ್ಯಾಯರಿಗೂ ಮೂಲವೇತನದ ಶ್ರೇಣಿ ಒಂದೇ. ದೊಡ್ಡ ಹಣ ದೂರದಿಂದ ಬರುವುದು ಒಳ್ಳೆಯದೇ. ಆದರೆ ದೂರದಿಂದ ಬಂದ ಹಣಕ್ಕೆ ಊರಿನ ಕಣ್ಣಿರುವುದಿಲ್ಲ. ನಮ್ಮ ತೊಡಕು ಇರುವುದು ಅಲ್ಲಿ.

ಊರಿನ ಕಣ್ಣಿಗೆಂದೇ ಬಿಟ್ಟುಕೊಟ್ಟ ಸಣ್ಣ ಹಣವೂ ಒಂದಿದೆ. ಸಮಗ್ರ ಶಿಕ್ಷಣ ಯೋಜನೆ ಬಂದುದು 2018ರಲ್ಲಿ. ಅದರ ವೆಚ್ಚದಲ್ಲಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಅದರಡಿ ಶಾಲೆಗೆ ವರ್ಷವರ್ಷ ಅನುದಾನವುಂಟು. ಮೂವತ್ತು ಮಕ್ಕಳವರೆಗೆ 10,000 ರೂಪಾಯಿ, ನೂರರವರೆಗೆ 25,000, ಇನ್ನೂರೈವತ್ತರವರೆಗೆ 50,000. ಇದರಲ್ಲಿ ಹತ್ತನೆಯ ಒಂದು ಪಾಲಾದರೂ ನೈರ್ಮಲ್ಯಕ್ಕೆ ಸಲ್ಲಬೇಕು. ಇಪ್ಪತ್ತೆಂಟು ಮಕ್ಕಳ ಶಾಲೆಗೆ ಉಳಿಯುವುದು 9,000, ತಿಂಗಳಿಗೆ 750 ರೂಪಾಯಿ. ಸೀಮೆಸುಣ್ಣ, ದಾಖಲೆ ಪುಸ್ತಕ, ಸಣ್ಣಪುಟ್ಟ ರಿಪೇರಿ ಎಲ್ಲ ಅದರಲ್ಲೇ. ಮಕ್ಕಳು ಕಡಮೆಯೆಂದು ಮಳೆ ಕಡಮೆ ಸುರಿಯುವುದಿಲ್ಲ; ಮಾಡು ಒಂದೇ ಅಳತೆಯದು. ಆದಕಾರಣ ಸಣ್ಣ ಶಾಲೆಯಲ್ಲಿ ಒಂದೊಂದು ರೂಪಾಯಿಯ ತೀರ್ಮಾನವೂ ದೊಡ್ಡದು.

ಆ ತೀರ್ಮಾನ ಯಾರದು? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದು. ನಮ್ಮ ರಾಜ್ಯದಲ್ಲಿ ಇದು 2001ರ ಆದೇಶದಿಂದ ಹುಟ್ಟಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು, ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಾಯಿತಂದೆಯರೂ ಪೋಷಕರೂ ಇರಬೇಕು, ಅರ್ಧ ಪಾಲು ಹೆಂಗಸರಿರಬೇಕು ಎಂದು ವಿಧಿಸಿತು. ಶಾಲೆಯ ಅಭಿವೃದ್ಧಿಯ ಯೋಜನೆ ಬರೆಯುವುದೂ ಅನುದಾನದ ಖರ್ಚನ್ನು ನೋಡುವುದೂ ಸಮಿತಿಯ ಕರ್ತವ್ಯ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಪ್ರೌಢಶಾಲೆಗೆ ಬರುವ ಮೊದಲು ನಾನು ಒಂದು ಸಣ್ಣ ಪ್ರಾಥಮಿಕ ಶಾಲೆಯಲ್ಲಿದ್ದೆ. ಅಕ್ಷರ ದುಂಡಗಿದೆಯೆಂದು ಸಮಿತಿಯ ನಡವಳಿ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆಗ ದುರಸ್ತಿಗೆ ಬರುತ್ತಿದ್ದುದು 5,000 ರೂಪಾಯಿ. ಸಭೆ ಸೇರುವ ಮುನ್ನವೇ, “ಮುಂಭಾಗದ ಗೋಡೆಗೆ ಬಣ್ಣ ಬಳಿಯಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು” ಎಂದು ಬರೆದಿಟ್ಟಿದ್ದೆ. ಲೈನ್ ಮನೆಯಿಂದ ಒಬ್ಬ ತಾಯಿ ಅರ್ಧ ದಿನದ ಕೂಲಿ ಬಿಟ್ಟು ಬಂದಳು. ರುಜು ಹಾಕುವ ಮೊದಲು, “ಏನು ಬರೆದಿದೆ ಮೇಷ್ಟ್ರೇ?” ಎಂದು ಕೇಳಿದಳು. ಹೇಳಿದೆ. “ಬಣ್ಣ ಯಾಕೆ? ಮೂರನೇ ಕ್ಲಾಸಿನ ಮೇಲೆ ಹೆಂಚು ಒಡೆದಿದೆಯಲ್ಲ. ನನ್ನ ಮಗ ನೆನೆದ ಪುಸ್ತಕ ತರುತ್ತಾನೆ” ಎಂದಳು. ನಾನು, “ಬರೆದಾಗಿದೆಯಮ್ಮ, ಮುಂದಿನ ವರ್ಷ ನೋಡೋಣ” ಎಂದೆ. ಅವಳು ರುಜು ಹಾಕಿ ಹೋದಳು. ಆ ಜುಲೈಯಲ್ಲಿ ಮೂರನೆಯ ತರಗತಿ ಜಗಲಿಯಲ್ಲಿ ಕುಳಿತಿತು. ಹೊಸ ಬಣ್ಣದ ಗೋಡೆಗೆ ಒರಗಿ ಕುಳಿತ ಆ ಮಕ್ಕಳನ್ನು ನಾನು ಮರೆತಿಲ್ಲ. ಅವಳು ಮತ್ತೆ ಸಭೆಗೆ ಬರಲಿಲ್ಲ.

ಹಣವನ್ನು ಯಾರೂ ಕದಿಯಲಿಲ್ಲ. ಲೆಕ್ಕ ಕಾಸಿಗೆ ಕಾಸು ಸರಿಯಿತ್ತು. ಆದರೂ ಅದು ಪೋಲಾಯಿತು. ಏಕೆಂದರೆ ಸೋರುವುದು ಎಲ್ಲಿ ಎಂದು ಬಲ್ಲವಳ ಮಾತಿಗೆ ಪುಸ್ತಕದಲ್ಲಿ ಜಾಗವಿರಲಿಲ್ಲ. ಆಯವ್ಯಯ ಎಂಬ ನಮ್ಮ ಮಾತಿನಲ್ಲಿ ಎರಡೇ ಪದಗಳಿವೆ: ಆಯ, ವ್ಯಯ. ಅವೆರಡರ ನಡುವೆ ಬರಹಕ್ಕೆ ಕಾಣದ ಮೂರನೆಯದೊಂದು ಉಂಟು, ವಿಚಾರ. ಅದಿಲ್ಲದಿದ್ದರೆ ಆಯವೂ ವ್ಯರ್ಥ, ವ್ಯಯವೂ ವ್ಯರ್ಥ.

ನೀವು ಮಾಡಬಹುದಾದುದು ಏನು? ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ಕಾಯಿದೆ. ನಿಮ್ಮ ಹಿರಿಯರ ಮನೆ ಹಳ್ಳಿಯಲ್ಲಿದ್ದರೆ ಒಮ್ಮೆ ಹೋಗಿ ಕುಳಿತುಕೊಳ್ಳಿ. ನೀವು ಓದಿದ ಶಾಲೆಗೆ ಈ ವರ್ಷ ಎಷ್ಟು ಬಂತು, ಯಾವುದಕ್ಕೆ ಹೋಯಿತು, ಯಾವುದು ಉಳಿಯಿತು ಎಂದು ಕೇಳಿ. ಜಗಳಕ್ಕಲ್ಲ, ತಿಳಿಯುವುದಕ್ಕೆ. ತೋಟದ ಯಜಮಾನರಾಗಿದ್ದರೆ ಇನ್ನೊಂದು ಬಿನ್ನಹ. ಶಾಲೆಯ ಸಭೆಯ ದಿನ ನಿಮ್ಮಲ್ಲಿ ದುಡಿಯುವ ತಾಯಿಯ ಅರ್ಧ ದಿನದ ಕೂಲಿಯನ್ನು ಮುರಿಯಬೇಡಿ. ಶಾಲೆಗೆ ನೀವು ಕೊಡುವ ದೇಣಿಗೆಗಿಂತ ಅದು ಹೆಚ್ಚಿನದಾದೀತು.

ಆ ಹುಡುಗಿಗೆ ಮರುವಾರ ತರಗತಿಯಲ್ಲಿ ಉತ್ತರ ಹೇಳಿದೆ: “ನಿನ್ನ ಮನೆಯ ಹಣ ನೇರವಾಗಿ ಬರಲಿಲ್ಲ ಮಗು. ಹೋಗಿ, ಹತ್ತಾರು ಹೊಳೆಗಳಲ್ಲಿ ಬೆರೆತು, ನಿನ್ನ ಮೇಷ್ಟರ ಸಂಬಳವಾಗಿ ಬಂತು.” ಅವಳು ಸ್ವಲ್ಪ ಯೋಚಿಸಿ, “ಹಾಗಾದರೆ ನೀವು ಚೆನ್ನಾಗಿ ಪಾಠ ಮಾಡಬೇಕು ಸಾರ್” ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಲೆಕ್ಕ ಕೇಳುವುದೆಂದರೆ ಏನೆಂಬುದನ್ನು ಅವಳು ನನಗಿಂತ ಮೊದಲೇ ಅರಿತಿದ್ದಳು.