ನೋಡಿ ಕಟ್ಟುವ ವಿದ್ಯೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮದುವೆಯ ಮಾತು ಇಲ್ಲಿ ಬೇಡ. ಮನೆಯ ಮಾತಿನಲ್ಲಿ ಎರಡು ಕ್ರಿಯಾಪದಗಳಿವೆ. ಕಟ್ಟುವುದು ಮೊದಲು, ನೋಡುವುದು ಆಮೇಲೆ. ಕಟ್ಟಿ ಮುಗಿಸಿದವನಿಗೆ ಕಾಣುವುದು ಏನು? ಸಾಲ, ಗೋಡೆಯ ಬಿರುಕು, ಗೃಹಪ್ರವೇಶಕ್ಕೆ ಬಂದ ನೆಂಟರ ಟೀಕೆ. ಕಳೆದ ಹದಿನೈದು ವರ್ಷಗಳಿಂದ ನಾನು ಅನ್ನ ಸಂಪಾದಿಸುತ್ತಿರುವ ಕಸುಬು ಈ ಎರಡು ಕ್ರಿಯಾಪದಗಳನ್ನು ಅದಲುಬದಲು ಮಾಡಲು ಹೊರಟದ್ದು. ಮೊದಲು ನೋಡು, ಆಮೇಲೆ ಕಟ್ಟು.

ಈ ಕಸುಬನ್ನು ವಿವರಿಸುವುದು ಸುಲಭವಲ್ಲ. ನನ್ನ ದೊಡ್ಡಮ್ಮ ಒಮ್ಮೆ ಕೇಳಿದರು: "ನೀನು ಇಂಜಿನಿಯರಂತಲ್ಲೋ, ಯಾವ ಸೇತುವೆ ಕಟ್ಟಿದೆ?" "ಕಟ್ಟೋದಿಲ್ಲ ದೊಡ್ಡಮ್ಮ, ಬೇರೆಯವರು ಗಣಕಯಂತ್ರದಲ್ಲಿ ಬರೆದ ಕಟ್ಟಡವನ್ನ ತುಂಡು ತುಂಡು ಮಾಡ್ತೀನಿ" ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ಅದಕ್ಕೂ ಸಂಬಳ ಕೊಡ್ತಾರೇನೋ?" ಎಂದರು. ಕೊಡುತ್ತಾರೆ. ಏಕೆ ಕೊಡುತ್ತಾರೆ ಎಂಬುದನ್ನು ಅಂದು ದೊಡ್ಡಮ್ಮನಿಗೆ ಹೇಳಲಾರದೆ ಹೋದೆ. ಇಂದು ತಮ್ಮ ಮುಂದೆ ಹೇಳಲು ಪ್ರಯತ್ನಿಸುತ್ತೇನೆ.

ಕಟ್ಟಡದ ಮಾದರಿ ಎಂಬುದು ಹೊಸದಲ್ಲ. ಇಟಲಿಯ ಫ್ಲಾರೆನ್ಸ್ ನಗರದ ದೊಡ್ಡ ಚರ್ಚಿಗೆ ಗುಮ್ಮಟ ಕಟ್ಟುವುದು ಹೇಗೆಂದು ತಿಳಿಯದೆ ಅಲ್ಲಿಯವರು 1418ರಲ್ಲಿ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಬ್ರುನೆಲೆಸ್ಕಿ ಎಂಬಾತ ಇಟ್ಟಿಗೆಯಲ್ಲಿ ಒಂದು ಮಾದರಿಯನ್ನು ಕಟ್ಟಿ ತೋರಿಸಿದ. ಗುಮ್ಮಟ ನೋಡಲು ಹೇಗಿರುತ್ತದೆ ಎಂಬುದನ್ನು ತೋರಿಸಲು ಅವನಿಗೆ ಇಟ್ಟಿಗೆ ಬೇಕಾಗಿರಲಿಲ್ಲ. ಮರದಲ್ಲಿ ಕೆತ್ತಿದ್ದರೂ ನಡೆಯುತ್ತಿತ್ತು. ಅವನು ತೋರಿಸಹೊರಟದ್ದು ಬೇರೆ. ನೆಲದಿಂದ ಮೇಲಿನವರೆಗೆ ಮರದ ಆಸರೆ ಕೊಡದೆ, ಸುತ್ತಿನ ಮೇಲೆ ಸುತ್ತು ಏರಿಸುತ್ತ ಗುಮ್ಮಟವನ್ನು ಕಟ್ಟಬಹುದು, ಅರ್ಧ ಕಟ್ಟಿದಾಗಲೂ ಅದು ನಿಲ್ಲುತ್ತದೆ ಎಂಬುದನ್ನು. 1420ರಲ್ಲಿ ಕೆಲಸ ಆರಂಭವಾಯಿತು, 1436ರಲ್ಲಿ ಗುಮ್ಮಟ ಮುಗಿಯಿತು. ಮುಗಿದ ಕಟ್ಟಡದ ಚಿತ್ರ ಒಂದು, ಆಗುತ್ತಿರುವ ಕಟ್ಟಡದ ಚಿತ್ರ ಇನ್ನೊಂದು. ನಮ್ಮ ಕಾಲದ ಮಾದರಿಗಳ ಮಾತನಾಡುವಾಗ ನಾವು ಬಹುಮಟ್ಟಿಗೆ ಮರೆಯುವುದು ಈ ಎರಡನೆಯದನ್ನು.

ಈಗ ಮಾದರಿ ಇಟ್ಟಿಗೆಯದೂ ಅಲ್ಲ, ಮರದ್ದೂ ಅಲ್ಲ. ನಕ್ಷೆಗಳ ಬದಲು ಗಣಕಯಂತ್ರದಲ್ಲಿ ಕಟ್ಟಡವನ್ನೇ ವರ್ಣಿಸಿ ಇಡಬಹುದೆಂದು ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1975ರಲ್ಲಿಯೇ ಬರೆದ. ಕಾಗದದ ಮೇಲೆ ಎರಡು ಗೆರೆ ಎಳೆದರೆ ಅದು ಗೋಡೆಯೆಂದು ತಿಳಿಯಬೇಕಾದವನು ಓದುವವನು. ಈ ಹೊಸ ಮಾದರಿಯಲ್ಲಿ ಗೋಡೆಗೆ ತಾನು ಗೋಡೆಯೆಂದು ಗೊತ್ತು. ತನ್ನ ದಪ್ಪ ಎಷ್ಟು, ತಾನು ಯಾವ ಅಂತಸ್ತಿನಲ್ಲಿದ್ದೇನೆ, ತನ್ನಲ್ಲಿ ಎಷ್ಟು ಬಾಗಿಲುಗಳಿವೆ ಎಂಬುದೂ ಗೊತ್ತು. ಯಾವ ದಿನ ಹುಟ್ಟಬೇಕು ಎಂಬುದು ಮಾತ್ರ ಗೊತ್ತಿಲ್ಲ.

ಅದು ಗೊತ್ತಿರುವವನು ಪಕ್ಕದ ಕೋಣೆಯಲ್ಲಿದ್ದಾನೆ. ಕೆಲಸದ ವೇಳಾಪಟ್ಟಿ ಮಾಡುವವನು. ಅವನ ಪ್ರಪಂಚದಲ್ಲಿ ಗೋಡೆಯಿಲ್ಲ, ಕಂಬವಿಲ್ಲ, ಕೆಲಸಗಳ ಸಾಲುಗಳು ಮಾತ್ರ ಇವೆ. ಯಾವ ಕೆಲಸಕ್ಕೆ ಎಷ್ಟು ದಿನ, ಯಾವುದು ಮುಗಿದ ಮೇಲೆ ಯಾವುದು, ಯಾವುದು ಒಂದು ದಿನ ತಡವಾದರೆ ಇಡೀ ಕಟ್ಟಡ ಒಂದು ದಿನ ತಡವಾಗುತ್ತದೆ. ಈ ಕೊನೆಯ ಲೆಕ್ಕವನ್ನು 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯವರು ರೆಮಿಂಗ್ಟನ್ ರ‍್ಯಾಂಡ್‌ನವರೊಡನೆ ಸೇರಿ ರೂಪಿಸಿದರು. ಇಂದು ಪ್ರೈಮವೇರಾದಂಥ ತಂತ್ರಾಂಶಗಳು ಮಾಡುವುದು ಮೂಲತಃ ಅದೇ ಲೆಕ್ಕ. ಮಾದರಿಯ ಒಂದೊಂದು ಅಂಗಕ್ಕೂ ಪಟ್ಟಿಯ ಒಂದೊಂದು ಸಾಲಿಗೂ ಗಂಟು ಹಾಕಿದರೆ, ಪರದೆಯ ಮೇಲೆ ಬರಿ ನೆಲದಿಂದ ಕಟ್ಟಡ ದಿನದಿನಕ್ಕೆ ಏಳುವುದನ್ನು ನೋಡಬಹುದು. ಉದ್ದ, ಅಗಲ, ಎತ್ತರಗಳ ಜೊತೆಗೆ ಕಾಲವೂ ಸೇರುವುದರಿಂದ ಇದನ್ನು ನಾಲ್ಕನೆಯ ಆಯಾಮ ಎನ್ನುತ್ತಾರೆ. ಲಾಸ್ ಏಂಜಲೀಸಿನಲ್ಲಿ 2003ರಲ್ಲಿ ಬಾಗಿಲು ತೆರೆದ, ಅಂಕುಡೊಂಕು ಲೋಹದ ಗೋಡೆಗಳ ಡಿಸ್ನಿ ಸಂಗೀತ ಭವನವನ್ನು ಕಟ್ಟುವಾಗ ಇಂಥ ಮಾದರಿಯನ್ನು ಬಳಸಿದ್ದರು.

ಗಂಟು ಹಾಕುವುದು ಎಂದು ಸುಲಭವಾಗಿ ಹೇಳಿಬಿಟ್ಟೆ. ತೊಡಕು ಇರುವುದೇ ಅಲ್ಲಿ. ವಿನ್ಯಾಸಕಾರ ಒಂದು ಕಂಬವನ್ನು ಪಾಯದಿಂದ ಆರನೆಯ ಅಂತಸ್ತಿನವರೆಗೆ ಒಂದೇ ಎಳೆತದಲ್ಲಿ ಎಳೆದಿರುತ್ತಾನೆ. ಅವನ ದೃಷ್ಟಿಯಲ್ಲಿ ಅದು ತಪ್ಪಲ್ಲ. ಕಂಬ ನಿಜವಾಗಿಯೂ ಒಂದೇ. ಆದರೆ ಜಗತ್ತಿನ ಯಾವ ಮೇಸ್ತ್ರಿಯೂ ಆರು ಅಂತಸ್ತಿನ ಕಂಬಕ್ಕೆ ಒಂದೇ ದಿನ ಕಾಂಕ್ರೀಟು ಸುರಿಯುವುದಿಲ್ಲ. ಆ ಮಾದರಿಯನ್ನು ಹಾಗೆಯೇ ವೇಳಾಪಟ್ಟಿಗೆ ಜೋಡಿಸಿದರೆ, ಪಾಯ ಮುಗಿದ ಮರುದಿನವೇ ಕಂಬಗಳೆಲ್ಲ ಆಕಾಶಕ್ಕೆ ನೆಗೆದು ನಿಂತು, ತಾರಸಿಗಳಿಗಾಗಿ ತಿಂಗಳುಗಟ್ಟಲೆ ಕಾಯುತ್ತವೆ. ಆದ್ದರಿಂದ ಕಂಬವನ್ನು ಅಂತಸ್ತು ಅಂತಸ್ತಿಗೆ ಕತ್ತರಿಸಬೇಕು. ದೊಡ್ಡ ತಾರಸಿಗೆ ಒಂದೇ ಸಲ ಮೋಲ್ಡು ಹಾಕಲಾಗದು. ಅದನ್ನು ಮೂರು ನಾಲ್ಕು ಪಾಲು ಮಾಡಬೇಕು. ಪಾಲಿನ ಗೆರೆ ಮನಸ್ಸಿಗೆ ಬಂದಲ್ಲಿ ಬರುವಂತಿಲ್ಲ. ತೊಲೆಯ ನಡುಭಾಗದಲ್ಲಿ, ಕತ್ತರಿಸುವ ಬಲ ಕಡಿಮೆ ಇರುವ ಕಡೆ ಬರಬೇಕು. ಅಂದರೆ ಪರದೆಯ ಮುಂದೆ ಕುಳಿತು ಕತ್ತರಿಸುವವನಿಗೆ ತಂತ್ರಾಂಶದ ಗುಂಡಿಗಳು ತಿಳಿದರೆ ಸಾಲದು, ಕಟ್ಟುವವನ ಕೈ ಎಲ್ಲಿ ನಿಲ್ಲುತ್ತದೆ ಎಂಬುದೂ ತಿಳಿದಿರಬೇಕು. ಈ ಕೆಲಸಕ್ಕೆ ಹೊಸ ಹುಡುಗರನ್ನು ತೆಗೆದುಕೊಳ್ಳುವಾಗ ನಾನು ತಂತ್ರಾಂಶದ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ಮೋಲ್ಡು ಹಾಕುವ ದಿನ ಎಂದಾದರೂ ಸೈಟಿನಲ್ಲಿ ನಿಂತಿದ್ದೀರಾ ಎಂದು ಕೇಳುತ್ತೇನೆ.

ಕತ್ತರಿಸುವುದರ ಜೊತೆಗೆ ಗುಡಿಸುವ ಕೆಲಸವೂ ಉಂಟು. ವಿನ್ಯಾಸಕಾರರು ಮಾದರಿ ಚೆನ್ನಾಗಿ ಕಾಣಲೆಂದು ಕುರ್ಚಿ, ಮೇಜು, ಗಿಡ, ಮನುಷ್ಯರನ್ನೆಲ್ಲ ಇಟ್ಟಿರುತ್ತಾರೆ. ಇವನ್ನು ತೆಗೆಯಲು ಮರೆತರೆ, ಅವು ಯಾವ ಕೆಲಸಕ್ಕೂ ಸೇರದವಾದ್ದರಿಂದ ಮೊದಲ ದಿನದಿಂದಲೇ ಕಾಣಿಸಿಕೊಳ್ಳುವುದುಂಟು. ಒಂದು ಪ್ರದರ್ಶನದಲ್ಲಿ, ಇನ್ನೂ ಪಾಯ ತೋಡುತ್ತಿರುವಾಗಲೇ ನಾಲ್ಕನೆಯ ಅಂತಸ್ತಿನ ಎತ್ತರದಲ್ಲಿ ಹೆಂಗಸೊಬ್ಬಳು ಸೋಫಾದ ಮೇಲೆ ನಿಶ್ಚಿಂತೆಯಿಂದ ಕುಳಿತಿದ್ದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಆ ಕಡತ ನನ್ನದು.

ಇನ್ನು ರಫ್ತು. ಈ ಶಬ್ದವನ್ನು ಕೇಳಿದರೆ ನಮಗೆ ನೆನಪಾಗುವುದು ಚಿಕ್ಕಮಗಳೂರಿನ ಕಾಫಿ, ಮಂಗಳೂರಿನ ಗೋಡಂಬಿ. ನಮ್ಮ ಕಸುಬಿನಲ್ಲಿ ಒಂದೇ ಮೇಜಿನ ಮೇಲಿನ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮಾದರಿಯನ್ನು ಸಾಗಿಸುವುದಕ್ಕೂ ಇದೇ ಹೆಸರು. ದೂರ ಒಂದು ಅಂಗೈಯಷ್ಟು. ಸುಂಕ ಮಾತ್ರ ಕಡಿಮೆಯಲ್ಲ. ಒಂದೊಂದು ತಂತ್ರಾಂಶಕ್ಕೂ ತನ್ನದೇ ಭಾಷೆ. ಎಲ್ಲರಿಗೂ ಸಾಮಾನ್ಯವಾದ ಒಂದು ಭಾಷೆ ಇರಲೆಂದು 1990ರ ದಶಕದಲ್ಲಿ ಐಎಫ್‌ಸಿ ಎಂಬ ಕಡತ ರೂಪವನ್ನು ಮಾಡಿದರು. 2013ರಲ್ಲಿ ಅದು ಅಂತರರಾಷ್ಟ್ರೀಯ ಮಾನಕದ 16739ನೆಯ ಸಂಖ್ಯೆಯನ್ನು ಪಡೆಯಿತು. ಒಳ್ಳೆಯ ಕೆಲಸವೇ. ಆದರೆ ಎಲ್ಲ ಅನುವಾದಗಳಲ್ಲಿ ಆಗುವಂತೆ ಇಲ್ಲಿಯೂ ಏನಾದರೊಂದು ದಾರಿಯಲ್ಲಿ ಬಿದ್ದುಹೋಗುತ್ತದೆ. ರೆವಿಟ್ ಎಂಬ ತಂತ್ರಾಂಶದಲ್ಲಿ ತಾರಸಿಯನ್ನು ಪಾಲು ಮಾಡಿದ ಮೇಲೆ, ರಫ್ತು ಮಾಡುವಾಗ ಪಾಲುಗಳನ್ನು ಬೇರೆ ಬೇರೆ ಅಂಗಗಳಾಗಿಯೇ ಕಳುಹಿಸು ಎಂಬ ಪುಟ್ಟ ಚೌಕಕ್ಕೆ ಗುರುತು ಹಾಕಬೇಕು. ಹಾಕದಿದ್ದರೆ ಹದಿನೈದು ದಿನ ಕೂತು ಕತ್ತರಿಸಿದ್ದೆಲ್ಲ ಆಚೆ ದಡದಲ್ಲಿ ಮತ್ತೆ ಒಂದಾಗಿ ಇಳಿಯುತ್ತದೆ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ಇನ್ನೊಂದು ಪಾಠ ಇದಕ್ಕಿಂತ ದುಬಾರಿ. ಐಎಫ್‌ಸಿ ಕಡತದಲ್ಲಿ ಪ್ರತಿಯೊಂದು ಅಂಗಕ್ಕೂ 22 ಅಕ್ಷರಗಳ ಒಂದು ಗುರುತಿದೆ. ಒಂದರ ಗುರುತು ಇನ್ನೊಂದಕ್ಕೆ ಇಲ್ಲ. ನಾವು ವೇಳಾಪಟ್ಟಿಯ ಗಂಟನ್ನು ಆ ಗುರುತಿಗೇ ಹಾಕಿದ್ದೆವು. ದೂರದ ಊರಿನಲ್ಲಿದ್ದ ವಿನ್ಯಾಸಕಾರ ಒಂದು ದಿನ ಒಂದು ಅಂತಸ್ತಿನ ಗೋಡೆಗಳನ್ನು ಅಳಿಸಿ ಮತ್ತೆ ಎಳೆದ. ಅದೇ ಜಾಗ, ಅದೇ ದಪ್ಪ, ಅದೇ ಉದ್ದ. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಗುರುತುಗಳು ಮಾತ್ರ ಹೊಸವು. ಹೊಸ ಕಡತ ಬಂದಾಗ ಇನ್ನೂರಕ್ಕೂ ಹೆಚ್ಚು ಗೋಡೆಗಳು ತಮಗೂ ಆ ಪಟ್ಟಿಗೂ ಸಂಬಂಧವೇ ಇಲ್ಲವೆಂಬಂತೆ ನಿಂತವು. ಅಂದಿನಿಂದ ನಾವು ಪ್ರತಿ ಅಂಗಕ್ಕೂ ನಮ್ಮದೇ ಒಂದು ಹೆಸರು ಕೊಡುತ್ತೇವೆ: ಯಾವ ಕಟ್ಟಡ, ಎಷ್ಟನೆಯ ಅಂತಸ್ತು, ಎಷ್ಟನೆಯ ಪಾಲು, ಕಂಬವೋ ತೊಲೆಯೋ. ವೇಳಾಪಟ್ಟಿಯ ಸಾಲಿಗೂ ಅದೇ ಹೆಸರು. ಬಾಗಿಲಿನ ಮೇಲಿನ ನಂಬರು ಬದಲಾದರೂ, ಮನೆತನದ ಹೆಸರು ಹೇಳಿದರೆ ಅಂಚೆಯವನು ಕಾಗದ ತಲುಪಿಸುವುದಿಲ್ಲವೆ?

ಇಷ್ಟೆಲ್ಲ ಕಲಿತು, ಎಲ್ಲವೂ ಸರಿಯಾಗಿದೆ ಎಂದು ನಂಬಿದ್ದಾಗ ನಡೆದ ಪ್ರಸಂಗವೊಂದನ್ನು ಹೇಳಬೇಕಾಗಿದೆ. ಬೆಂಗಳೂರಿನಲ್ಲಿಯೇ ಏಳುತ್ತಿದ್ದ ಆರು ಅಂತಸ್ತಿನ ಕಟ್ಟಡ ಅದು. ನಮ್ಮ ಮಾದರಿ ಅಚ್ಚುಕಟ್ಟಾಗಿತ್ತು. ಯಾವ ತಾರಸಿಯೂ ಕಂಬಕ್ಕಿಂತ ಮೊದಲು ಹುಟ್ಟುತ್ತಿರಲಿಲ್ಲ, ಯಾವ ಹೆಂಗಸೂ ಗಾಳಿಯಲ್ಲಿ ಕುಳಿತಿರಲಿಲ್ಲ. ಸೈಟಿನ ಕಚೇರಿಯಲ್ಲಿ ಪ್ರದರ್ಶನ. ಕಟ್ಟಡ ಪರದೆಯ ಮೇಲೆ ಹೂವಿನಂತೆ ಅರಳಿತು; ಒಪ್ಪಂದದ ದಿನಕ್ಕಿಂತ ಐದು ವಾರ ಮೊದಲೇ ಮುಗಿಯಿತು. ದೊಡ್ಡವರೆಲ್ಲ ಮೆಚ್ಚಿ ತಲೆದೂಗಿದರು. ಬಾಗಿಲ ಬಳಿ ಸೆಂಟ್ರಿಂಗ್ ಮೇಸ್ತ್ರಿ ನಿಂತಿದ್ದ. ಏನೋ ಕೇಳಲು ಬಂದವನು ಪರದೆ ನೋಡುತ್ತ ಉಳಿದಿದ್ದ. ಅವನು ಮೆಲ್ಲಗೆ, "ಸಾರ್, ಸೆಂಟ್ರಿಂಗ್ ಯಾವಾಗ ಬಿಚ್ಚಿದ್ರಿ?" ಎಂದ.

ನಾವು ಬಿಚ್ಚಿರಲಿಲ್ಲ. ಬಿಚ್ಚುವುದಕ್ಕೆ ಹಾಕಿರಲೇ ಇಲ್ಲ. ವಿನ್ಯಾಸಕಾರನ ಮಾದರಿಯಲ್ಲಿ ಸೆಂಟ್ರಿಂಗ್ ಇರುವುದಿಲ್ಲ, ಏಕೆಂದರೆ ಮುಗಿದ ಕಟ್ಟಡದಲ್ಲಿ ಅದು ಉಳಿಯುವುದಿಲ್ಲ. ನಮ್ಮ ಚಿತ್ರದಲ್ಲಿ ಮೂರನೆಯ ಅಂತಸ್ತಿನ ತಾರಸಿ ಹಾಕಿದ ಮೂರು ದಿನಕ್ಕೆ ಅದರ ಕೆಳಗಿನ ಕೋಣೆಗಳು ಬರಿದಾಗಿ, ಇಟ್ಟಿಗೆ ಗೋಡೆಗಳು ಏಳತೊಡಗಿದ್ದವು. ಆ ಮೂರು ದಿನದ ಲೆಕ್ಕ ಎಲ್ಲಿಂದ ಬಂತೆಂದು ಹುಡುಕಿದೆವು. ಕಾಂಕ್ರೀಟಿನ ಬಗೆಗಿನ ಭಾರತೀಯ ಮಾನಕ 456ರ 2000ದ ಆವೃತ್ತಿಯಲ್ಲಿ, ತಾರಸಿಯ ಅಡಿಯ ಹಲಗೆಗಳನ್ನು 3 ದಿನಕ್ಕೆ ತೆಗೆಯಬಹುದೆಂದು ಇದೆ. ಆದರೆ ತೆಗೆದ ಕೂಡಲೇ ಆಸರೆಯ ಕಂಬಗಳನ್ನು ಮತ್ತೆ ನಿಲ್ಲಿಸಬೇಕೆಂಬ ಷರತ್ತೂ ಅದರ ಜೊತೆಯಲ್ಲಿಯೇ ಇದೆ. ಆ ಕಂಬಗಳಿಗೆ ಬೇರೆಯೇ ಲೆಕ್ಕ: ನಾಲ್ಕೂವರೆ ಮೀಟರಿಗಿಂತ ಅಗಲವಾದ ತಾರಸಿಯ ಕೆಳಗೆ 14 ದಿನ, 6 ಮೀಟರಿಗಿಂತ ಉದ್ದನೆಯ ತೊಲೆಯ ಕೆಳಗೆ 21 ದಿನ. ಅದೂ ಸಾಧಾರಣ ಸಿಮೆಂಟಿಗೆ, ಚಳಿ ಹೆಚ್ಚಿಲ್ಲದ ಹವೆಯಲ್ಲಿ. ನಮ್ಮ ತೊಲೆಗಳು 7 ಮೀಟರಿನವು. ಪಟ್ಟಿ ಮಾಡಿದವನು 3 ಎಂಬ ಅಂಕಿಯನ್ನು ಓದಿ ಷರತ್ತನ್ನು ಓದದೆ ಬಿಟ್ಟಿದ್ದ. ನಾನು ಹಿಡಿಯಬೇಕಾಗಿತ್ತು, ಹಿಡಿಯಲಿಲ್ಲ. ಚಿತ್ರ ಅಷ್ಟು ಚೆನ್ನಾಗಿತ್ತು.

ಉಳಿಯಿತೆಂದು ಎಲ್ಲರೂ ಸಂತೋಷಪಟ್ಟ ಆ ಐದು ವಾರಗಳು ಎಲ್ಲಿಂದ ಬಂದಿದ್ದವು ಎಂಬುದನ್ನು ನೆನೆದರೆ ಈಗಲೂ ನನಗೆ ನಿದ್ರೆ ಹಾರುತ್ತದೆ. ಆ ದಿನಾಂಕಕ್ಕೆ ಒಮ್ಮೆ ದೊಡ್ಡವರ ರುಜು ಬಿದ್ದಿದ್ದರೆ, ಅದನ್ನು ಮುಟ್ಟಿಸುವ ಹೊಣೆ ಕೆಳಗಿಳಿಯುತ್ತ ಇಳಿಯುತ್ತ ಕೊನೆಗೆ ಆ ಮೇಸ್ತ್ರಿಯ ತಲೆಯ ಮೇಲೆ ಬರುತ್ತಿತ್ತು. ಚಿತ್ರದಲ್ಲಿ ಇಲ್ಲದ ಕಂಬವನ್ನು ಸೈಟಿನಲ್ಲಿ ಯಾರಾದರೂ ಅವಧಿಗೆ ಮೊದಲೇ ಎಳೆದು ತೆಗೆಯಬೇಕಾಗುತ್ತಿತ್ತು. ಆಗ ಹಸಿ ತಾರಸಿಯ ಕೆಳಗೆ ಇಟ್ಟಿಗೆ ಹೊರುತ್ತಿರುವವರು ಯಾರು? ನಾನಲ್ಲ.

ವಿಚಿತ್ರವೆಂದರೆ ತಂತ್ರಾಂಶ ಮಾಡಿದವರು ಇದನ್ನು ಮರೆತಿರಲಿಲ್ಲ. ನಾವು ಬಳಸುತ್ತಿದ್ದ ನ್ಯಾವಿಸ್‌ವರ್ಕ್ಸಿನಲ್ಲಿ ಕೆಲಸಗಳಿಗೆ ಮೂರು ಜಾತಿಗಳಿವೆ. ಕಟ್ಟುವುದು, ಕೆಡಹುವುದು, ಮೂರನೆಯದು ತಾತ್ಕಾಲಿಕ, ಅಂದರೆ ಬಂದು ನಿಂತು ಹೋಗುವಂಥದು. ಆ ಮೂರನೆಯ ಮನೆಯನ್ನು ನಾವು ವರ್ಷಗಳಿಂದ ಖಾಲಿ ಬಿಟ್ಟಿದ್ದೆವು.

ಮರುವಾರ ಕುಳಿತು ಆಸರೆಯ ಕಂಬಗಳನ್ನೆಲ್ಲ ಮಾದರಿಗೆ ಸೇರಿಸಿದೆವು. ಚೆಂದಕ್ಕಲ್ಲವಾದ್ದರಿಂದ ಬರಿಯ ಕೊಳವೆಗಳು, ಹಳದಿ ಬಣ್ಣ. ತಾರಸಿಯ ಪ್ರತಿ ಪಾಲಿಗೂ ಅದರ ಕಂಬಗಳ ಗುಂಪು, ಪ್ರತಿ ಗುಂಪಿಗೂ ವೇಳಾಪಟ್ಟಿಯಲ್ಲಿ ಒಂದು ಸಾಲು, ಆ ಸಾಲಿಗೆ 21 ದಿನ. ಉಳಿದಿದ್ದ ಐದು ವಾರಗಳು ಕರಗಿ ಹೋದವು. ಕೆಲವರಿಗೆ ಬೇಸರವಾಯಿತು, ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಎರಡನೆಯ ಪ್ರದರ್ಶನಕ್ಕೆ ಮೇಸ್ತ್ರಿಯನ್ನು ನಾನೇ ಕರೆಸಿ, ಕುರ್ಚಿ ಹಾಕಿಸಿ ಕೂರಿಸಿದೆ. ಅವನು ಸಂಕೋಚದಿಂದ ಕುರ್ಚಿಯ ಅಂಚಿಗೆ ಕುಳಿತು, ಕಟ್ಟಡ ಏಳುವುದನ್ನು ಮಾತಿಲ್ಲದೆ ನೋಡಿದ. ಮೂರನೆಯ ತಾರಸಿ ಬಂದಾಗ ನಿಲ್ಲಿಸಲು ಹೇಳಿ, ಎದ್ದು ಪರದೆಯ ಹತ್ತಿರ ಹೋಗಿ, ಹಳದಿ ಕಂಬಗಳ ಬುಡಕ್ಕೆ ಬೆರಳಿಟ್ಟ. "ಇವು ನಿಂತಿರೋದು ಹೋದ ತಿಂಗಳು ಹಾಕಿದ ಮೋಲ್ಡ್ ಮೇಲೆ ಅಲ್ವಾ ಸಾರ್? ಅದರ ಕೆಳಗೂ ಬೇಕು."

ಅಂದು ಸಂಜೆ ಕೆಳಗಿನ ಅಂತಸ್ತಿನಲ್ಲಿಯೂ ಕಂಬಗಳನ್ನು ನಿಲ್ಲಿಸಿ, ಹೆಸರು ಕೊಟ್ಟು, ಹೊಸ ಕಡತವನ್ನು ರಫ್ತು ಮಾಡಿ, ಎಂಟು ಗಂಟೆಯ ಮೇಲೆ ಮನೆಗೆ ಹೋದೆ.