ಹಸಿವು ಮುರಿಯಲಾರದ್ದು



ಈ ಸಂಕಿರಣದ ವಿಷಯಕ್ಕೆ ತಲೆಯಾಡಿಸಿಬಿಡುವುದು ಬಹಳ ಸುಲಭ. ಮುರಿದವನೇ ದೇವರನ್ನು ಗಟ್ಟಿಯಾಗಿ ಹಿಡಿಯುತ್ತಾನೆ ಎಂಬ ಮಾತನ್ನು ಸಾವಿನ ಮನೆಯ ಪ್ರಾರ್ಥನೆಯಲ್ಲಿ, ಸಾಕ್ಷಿ ಹೇಳುವ ಕೂಟಗಳಲ್ಲಿ ಎಷ್ಟು ಸಲ ಕೇಳಿದ್ದೇವೆಂದರೆ, ಅದನ್ನು ಒರೆಗೆ ಹಚ್ಚಿ ನೋಡಬೇಕೆಂದೇ ತೋಚುವುದಿಲ್ಲ. ನನ್ನ ವಾದ ಕೊಂಚ ಬೇರೆ. ಕಷ್ಟ ತಾನಾಗಿ ಯಾರನ್ನೂ ದೇವರ ಬಳಿಗೆ ಕರೆತರುವುದಿಲ್ಲ. ಇದ್ದದ್ದನ್ನು ಕಳೆದುಕೊಳ್ಳುವುದು ಒಂದು. ನನ್ನಿಂದ ಆಗುತ್ತದೆ ಎಂಬ ಒಳಗಿನ ಬೀಗು ಮುರಿಯುವುದು ಇನ್ನೊಂದು. ಎರಡನೆಯದು ಎಷ್ಟೋ ಸಲ ಬದುಕು ನೆಟ್ಟಗೆ ನಡೆಯುತ್ತಿರುವಾಗಲೇ ಆಗುತ್ತದೆ. ಇದಕ್ಕೆ ಪಂಡಿತಾ ರಮಾಬಾಯಿಯವರ ಬದುಕನ್ನು ಆಧಾರವಾಗಿ ಮುಂದಿಡುತ್ತೇನೆ.

ಅವರು 1858ರಲ್ಲಿ ಹುಟ್ಟಿದ್ದು ತುಂಗೆ, ಭದ್ರೆಯರ ಮೂಲವಾದ ನಮ್ಮ ಗಂಗಾಮೂಲದ ಕಾಡಿನಲ್ಲಿ. ಬೆಳೆದದ್ದು ಪುರಾಣ ಓದಿ ಹೇಳುತ್ತ ತೀರ್ಥಕ್ಷೇತ್ರಗಳನ್ನು ಸುತ್ತುವ ಕುಟುಂಬದಲ್ಲಿ. 1870ರ ದಶಕದ ಬರದಲ್ಲಿ ತಂದೆ ಅನಂತಶಾಸ್ತ್ರಿ ಡೋಂಗ್ರೆ, ತಾಯಿ ಲಕ್ಷ್ಮೀಬಾಯಿ, ಅಕ್ಕ, ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಅಲೆದರು. ಝೀಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ, ಗೋರಿಯಂಥ ಎರಡು ಗುಂಡಿ ತೋಡಿಕೊಂಡು ಒಳಗಿಳಿದು, ತಲೆಯೊಂದನ್ನು ಬಿಟ್ಟು ಮೈಗೆಲ್ಲ ಮರಳು ಮುಚ್ಚಿಕೊಂಡದ್ದನ್ನು ಅವರೇ ಬರೆದಿದ್ದಾರೆ. 1880ರಲ್ಲಿ ಅಣ್ಣ ಹೋದ. 1882ರಲ್ಲಿ ಗಂಡ ಕಾಲರಾಕ್ಕೆ ಬಲಿಯಾದಾಗ ಮಗಳು ಮನೋರಮಾಗೆ ಇನ್ನೂ ವರ್ಷ ತುಂಬಿರಲಿಲ್ಲ.

ನಮ್ಮ ಪ್ರಸಂಗಗಳ ಲೆಕ್ಕದಲ್ಲಿ ಅವರು ದೇವರಿಗೆ ಶರಣಾಗಬೇಕಾದದ್ದು ಆ ಮರಳಿನ ಗುಂಡಿಯಲ್ಲೇ. ಆದದ್ದು ಮಾತ್ರ ಅದಕ್ಕೆ ತಿರುವುಮುರುವು. ವ್ರತ, ದಾನ, ಪ್ರದಕ್ಷಿಣೆ ಎಲ್ಲ ಮಾಡಿಯೂ ಉತ್ತರ ಬರಲಿಲ್ಲವೆಂದು ಅಣ್ಣ ತಂಗಿ ಅಲ್ಲಿಯವರೆಗೆ ಇದ್ದ ಭಕ್ತಿಯನ್ನೂ ಕೈಬಿಟ್ಟರು. ಅವರ ಕೈಹಿಡಿದದ್ದು ವಿದ್ಯೆ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆ ತರುಣಿಯ ಸಂಸ್ಕೃತಕ್ಕೆ ಬೆರಗಾಗಿ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನವಾಯಿತು, 1887ರಲ್ಲಿ ಅಮೆರಿಕದಲ್ಲಿ ಅವರ ಪುಸ್ತಕ ಬಂತು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಇಷ್ಟೆಲ್ಲ ಆದ ಮೇಲೆ, 1891ರ ಸುಮಾರಿಗೆ, ತಾನು ಕ್ರೈಸ್ತ ಧರ್ಮವನ್ನು ಕಂಡುಕೊಂಡಿದ್ದೇನೆಯೇ ಹೊರತು ಕ್ರಿಸ್ತನನ್ನಲ್ಲ ಎಂಬುದು ಅವರಿಗೆ ಹೊಳೆಯಿತು. 1907ರ ಸಾಕ್ಷಿ ಗ್ರಂಥದಲ್ಲಿ ಇದನ್ನು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ನಾನು ಇದನ್ನು ಓದುವುದು ಹೀಗೆ: ಪಂಡಿತೆ ಹೊಸ ಧರ್ಮವನ್ನು ಮತ್ತೊಂದು ಶಾಸ್ತ್ರದಂತೆ ಕಲಿತು ಕರಗತ ಮಾಡಿಕೊಂಡಿದ್ದರು. ಆ ಪಾಂಡಿತ್ಯದ ಆಸರೆಯನ್ನು ಹಸಿವಿನಿಂದ ಕಿತ್ತುಕೊಳ್ಳಲಾಗಲಿಲ್ಲ. ಹಸಿವೇ ಅದನ್ನು ಗಟ್ಟಿಮಾಡಿತ್ತು.

ಬೈಬಲಿನಲ್ಲೂ ಇದೇ ಕ್ರಮ ಕಾಣುತ್ತದೆ. ನಮ್ಮ ಕನ್ನಡ ಬೈಬಲು ‘ಜಜ್ಜಿಹೋದ’ ಎಂಬ ಪದ ಬಳಸುವ 51ನೆಯ ಕೀರ್ತನೆಯನ್ನು ಅದರ ತಲೆಬರಹ ದಾವೀದನಿಗೆ ಸಲ್ಲಿಸುತ್ತದೆ. ಒಡೆದದ್ದಲ್ಲ, ಸೀಳಿದ್ದಲ್ಲ, ಶುಂಠಿ ಜಜ್ಜಿದ ಹಾಗೆ ಜಜ್ಜಿದ್ದು. ಆದರೆ ಆ ಕೀರ್ತನೆ ಸೌಲನಿಗೆ ಹೆದರಿ ಗವಿಯಲ್ಲಿ ಅಡಗಿದ್ದ ಕಾಲದ ಪ್ರಾರ್ಥನೆಯಲ್ಲ. ಅರಮನೆಯಲ್ಲಿ, ಅಧಿಕಾರದ ತುತ್ತತುದಿಯಲ್ಲಿ, ಊರೀಯನನ್ನು ಕೊಲ್ಲಿಸಿದ ಮೇಲೆ, ನಾತಾನ ಪ್ರವಾದಿ ಎದುರು ನಿಂತಾಗ ಹೊರಟದ್ದು. ಪೌಲನೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ತನ್ನ ಶರೀರದ ಶೂಲದ ಮಾತೆತ್ತುವುದು ಪರದೈಸಿನ ದರ್ಶನಗಳನ್ನು ಹೇಳಿದ ಬೆನ್ನಿಗೇ, ಹೊಗಳಿಕೊಳ್ಳುವ ಅಪಾಯ ಎದುರಿದ್ದಾಗ.

ಇಲ್ಲಿ ಒಂದು ಆಕ್ಷೇಪ ಏಳಬೇಕು, ಏಳದಿದ್ದರೆ ನಾವೇ ಎಬ್ಬಿಸಬೇಕು. ಮುರಿಯುವುದರಲ್ಲಿ ಒಳಿತಿದೆ ಎನ್ನುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು, ಕೇಳಿಸಿಕೊಳ್ಳುವವರು ಹಸಿದವರು; ಹೊಡೆಸಿಕೊಂಡು ಬಂದ ಹೆಂಡತಿಗೆ ‘ನಿನ್ನ ಶಿಲುಬೆ ನೀನೇ ಹೊರಬೇಕಮ್ಮ’ ಎಂದು ಮನೆಗೆ ಮರಳಿಸುವ ಸಭೆಗಳು ಇವೆ. ಈ ಆಕ್ಷೇಪ ಸರಿಯಾದದ್ದೇ, ಅದಕ್ಕೆ ಪೂರ್ತಿ ಮಣಿಯುತ್ತೇನೆ. ನನ್ನ ವಾದವೂ ಅದರ ಪರವಾಗಿದೆ: ಬರ ಮುರಿಯಲಾರದ್ದನ್ನು ಬಡಿತ ಮುರಿದೀತು ಎನ್ನುವ ಆಧಾರವೇ ಇಲ್ಲ. ರಮಾಬಾಯಿ ಬರವನ್ನು ಎಂದೂ ವರವೆನ್ನಲಿಲ್ಲ. 1896ರ ಬರದಲ್ಲಿ ಮಧ್ಯಪ್ರಾಂತ್ಯಗಳಿಗೆ ತಾವೇ ಹೋಗಿ ಹೆಣ್ಣುಮಕ್ಕಳನ್ನು ಕರೆತಂದರು. ಮರುವರ್ಷ ಪುಣೆಯ ಪ್ಲೇಗಿನ ಏರ್ಪಾಟುಗಳಲ್ಲಿ ಹೆಂಗಸರಿಗಾಗುತ್ತಿದ್ದ ದುರ್ಗತಿಯನ್ನು ಪತ್ರಿಕೆಯಲ್ಲಿ ಬರೆದು ಸರಕಾರವನ್ನು ಕೆಣಕಿದರು.

ದೇವರ ಮೇಲೆ ಹೀಗೆ ಒರಗುವುದು ಬೆನ್ನೆಲುಬಿಲ್ಲದವರ ಊರುಗೋಲು ಎಂಬುದು ಇನ್ನೊಂದು ಆಕ್ಷೇಪ. ಫ್ರಾಯ್ಡ್ ಇದನ್ನು ಹಸುಳೆಗೆ ತಂದೆಯ ಹಂಬಲವೆಂದ. ಇದಕ್ಕೆ ಉತ್ತರವಾಗಿ ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಜೊತೆಗಿನ ರಮಾಬಾಯಿಯವರ ಪತ್ರವ್ಯವಹಾರವನ್ನು ಓದಬೇಕು. ತ್ರಿಯೇಕತ್ವದ ಬಗ್ಗೆ ಅವರು ಪಟ್ಟುಹಿಡಿದು ಪ್ರಶ್ನಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ಸಂಸ್ಕೃತ ಏಕಿರಬಾರದು ಎಂದರು. ತನ್ನ ಮನಸ್ಸಾಕ್ಷಿಯನ್ನು ಪಾದ್ರಿಗಳ ಕೈಗೆ ಒಪ್ಪಿಸಲಾರೆ ಎಂದರು. ದೇವರ ಹತ್ತಿರ ಬಾಗಿದ ತಲೆ ಬಿಷಪ್ಪರ ಹತ್ತಿರ ಬಾಗಲಿಲ್ಲ. ಹಾಗಾಗಿ ದೈವಾಶ್ರಯ ಬೇರೆ, ಪರಾಧೀನತೆ ಬೇರೆ. ಇವೆರಡನ್ನು ಕಲಸಿ ಒಂದುಮಾಡಿದವರಲ್ಲಿ ಫ್ರಾಯ್ಡ್ ಒಬ್ಬನೇ ಅಲ್ಲ, ನಾವೂ ಇದ್ದೇವೆ.

ಸಂಕಿರಣದ ಗೋಷ್ಠಿಗಳಿಗೆ ನಾನು ಒಪ್ಪಿಸುವ ಪ್ರಶ್ನೆ ಕೇಡಗಾಂವಿನದು. ಅಮೆರಿಕದ ಸಂಘವೊಂದು ಹತ್ತು ವರ್ಷ ಹಣ ಕೊಡುವುದಾಗಿ ಮಾತು ಕೊಟ್ಟಿತ್ತು. ಅದು ನಿಂತ ಮೇಲೆ ಯಾರ ಹಂಗೂ ಇರಬಾರದೆಂದು ರಮಾಬಾಯಿ ಪುಣೆಯ ಆಚೆ ಕೇಡಗಾಂವಿನಲ್ಲಿ ಜಮೀನು ಕೊಂಡು ಹಣ್ಣಿನ ಗಿಡ ಹಾಕಿಸಿದರು. ಒಳ್ಳೆಯ ಲೆಕ್ಕಾಚಾರ, ತಪ್ಪೇನಿಲ್ಲ. ಆದರೆ ಗಿಡಗಳು ಫಲ ಕೊಟ್ಟು ಸದನವನ್ನು ಸಾಕುವ ಮೊದಲೇ ಬರದ ಹುಡುಗಿಯರು ಬಂದು ತುಂಬಿದರು. ಅವರ ಮುಕ್ತಿ ಮಿಷನ್ ಬೆಳೆದದ್ದು ಆ ತೋಟದ ನೆಲದ ಮೇಲೆ. ಲೆಕ್ಕಕ್ಕೆ ನಿಲುಕದಷ್ಟು ಬಾಯಿಗಳಿಗೆ ಅನ್ನ ಹಾಕಬೇಕಾದಾಗ ಅವರು ಪ್ರಾರ್ಥನೆಯನ್ನೇ ನೆಚ್ಚಿದರು. ಹಾಗೆಂದು ಬಾವಿ ತೋಡಿಸುವುದನ್ನು ನಿಲ್ಲಿಸಲಿಲ್ಲ, ಗಿಡಗಳಿಗೆ ನೀರು ಹಾಯಿಸುವುದನ್ನೂ ನಿಲ್ಲಿಸಲಿಲ್ಲ. ಆ ಪ್ರಾರ್ಥನೆಗೂ ಆ ಬಾವಿಗೂ ಇರುವ ಸಂಬಂಧ ಎಂಥದು?